ವಾರ್ಡ್ 86: ಡಾಕ್ಟರು ಫೋನಿನಲ್ಲಿ ಸಿಕ್ಕ ವರ್ಷ

ಪುಣೆಯಲ್ಲಿರೋರು, ಹೈದರಾಬಾದ್, ಚೆನ್ನೈನಲ್ಲಿರೋರು, ವಿಡಿಯೋ ಪೂರ್ತಿ ನೋಡೋಕೆ ಪುರುಸೊತ್ತಿಲ್ಲ ಅನ್ನೋರು ಇಲ್ಲಿ ಓದಿಕೊಳ್ಳಿ. ಇವತ್ತಿನ ಪ್ರಶ್ನೆ: ಎಚ್‌ಐವಿ ಇರುವವರನ್ನು ಫೋನಿನಲ್ಲೇ ನೋಡಿಕೊಳ್ಳಬಹುದಾ? ಈ ವಿಷಯದಲ್ಲಿ ಡಾಕ್ಟರುಗಳೇ ಯಾಕೆ ಒಂದೇ ಮಾತು ಹೇಳಲ್ಲ?

ಉತ್ತರಕ್ಕೆ ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗಬೇಕು. 1981ರ ಜೂನ್ 5ರಂದು ಅಮೆರಿಕದ ಸಿಡಿಸಿ ತನ್ನ ವಾರದ ವರದಿಯಲ್ಲಿ ಲಾಸ್ ಏಂಜಲೀಸ್‌ನ ಐದು ಯುವಕರಿಗೆ ಬಂದ ಅಪರೂಪದ ನ್ಯುಮೋನಿಯಾ ಬಗ್ಗೆ ಬರೆಯಿತು. ಏಡ್ಸ್ ಚರಿತ್ರೆ ಕಾಗದದ ಮೇಲೆ ಶುರುವಾದದ್ದು ಅಲ್ಲಿಂದ. 1983ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜನರಲ್ ಆಸ್ಪತ್ರೆಯಲ್ಲಿ ವಾರ್ಡ್ 86 ತೆರೆಯಿತು. ಹೆಸರು ವಾರ್ಡ್ ಅಂತಿದ್ದರೂ ಅದು ಹೊರರೋಗಿಗಳ ಕ್ಲಿನಿಕ್. ಪಾಲ್ ವೋಲ್ಬರ್ಡಿಂಗ್, ಡೊನಾಲ್ಡ್ ಏಬ್ರಮ್ಸ್, ಕಾನ್‌ಸ್ಟನ್ಸ್ ವೊಫ್ಸಿ ಅಲ್ಲಿನ ಮೊದಲ ಡಾಕ್ಟರುಗಳು.

ಅವರ ಕೈಯಲ್ಲಿ ಏನಿತ್ತು? ಔಷಧ ಇರಲಿಲ್ಲ. ರಕ್ತ ಪರೀಕ್ಷೆ ಬಂದದ್ದೇ 1985ರಲ್ಲಿ, ಮೊದಲ ಔಷಧ ಎಜಡ್‌ಟಿಗೆ ಒಪ್ಪಿಗೆ ಸಿಕ್ಕಿದ್ದು 1987ರಲ್ಲಿ. ಎಷ್ಟೋ ಆಸ್ಪತ್ರೆಗಳಲ್ಲಿ ಊಟದ ತಟ್ಟೆಯನ್ನು ರೋಗಿಯ ಬಾಗಿಲ ಹೊರಗೇ ಇಟ್ಟು ಹೋಗುತ್ತಿದ್ದ ಕಾಲ ಅದು. ಅಂಥಾ ಹೊತ್ತಲ್ಲಿ ಹತ್ತಿರ ಕೂತು, ಕೈ ಹಿಡಿದು ಮಾತಾಡಿಸುವುದೇ ದೊಡ್ಡ ಚಿಕಿತ್ಸೆ. 1987ರಲ್ಲಿ ಲಂಡನ್ನಿನ ಮಿಡ್ಲ್‌ಸೆಕ್ಸ್ ಆಸ್ಪತ್ರೆಯಲ್ಲಿ ರಾಜಕುಮಾರಿ ಡಯಾನಾ ಕೈಗವಸಿಲ್ಲದೆ ರೋಗಿಯ ಕೈ ಕುಲುಕಿದ್ದು ಜಗತ್ತಿಗೆಲ್ಲ ಸುದ್ದಿಯಾಯಿತು ಅಂದರೆ ಲೆಕ್ಕ ಹಾಕಿ.

ಆಮೇಲೆ 1996 ಬಂತು. ಮೂರು ಔಷಧ ಸೇರಿಸಿ ಕೊಡುವ ಚಿಕಿತ್ಸೆ ಸಾವನ್ನು ಗಣನೀಯವಾಗಿ ಇಳಿಸಿತು. ಅದೇ ವರ್ಷ ವೈರಲ್ ಲೋಡ್ ಪರೀಕ್ಷೆಗೂ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ಹೇಳುವ ಒಂದು ಸಂಖ್ಯೆ ಅದು. ನನ್ನಂಥ ಎಂಜಿನಿಯರ್‌ಗೆ ಇದು ಕಥೆಯ ದೊಡ್ಡ ತಿರುವು. ರೋಗಿ ದಿನಾ ಮಾತ್ರೆ ತಗೋತಿದ್ದಾರೆ, ಸಂಖ್ಯೆ ಪತ್ತೆಯಾಗದಷ್ಟು ಕಮ್ಮಿ ಇದೆ ಅಂದರೆ ಡಾಕ್ಟರಿಗೆ ಬೇಕಾದ ಬಹುಪಾಲು ಮಾಹಿತಿ ಲ್ಯಾಬ್ ವರದಿಯಲ್ಲೇ ಇದೆ. ವರದಿ ನೋಡಿ ಫೋನಲ್ಲಿ ಮಾತಾಡಿದರೆ ಸಾಲದಾ? ಸಾಲಬಹುದು ಅಂತ ಬಾರ್ಸಿಲೋನಾದ ಹಾಸ್ಪಿಟಲ್ ಕ್ಲಿನಿಕ್ ವೈದ್ಯರು ತೋರಿಸಿದರು. ಸ್ಥಿರವಾಗಿದ್ದ 83 ರೋಗಿಗಳ ಮೇಲೆ ಅವರು ಮಾಡಿದ ಪ್ರಯೋಗ 2011ರಲ್ಲಿ ಪ್ರಕಟವಾಯಿತು. ಆನ್‌ಲೈನ್ ಆರೈಕೆಯಲ್ಲೂ ಫಲಿತಾಂಶ ಕೆಟ್ಟಿರಲಿಲ್ಲ.

ನಿಜವಾದ ಪರೀಕ್ಷೆ ಬಂದದ್ದು 2020ರ ಮಾರ್ಚ್ 17ಕ್ಕೆ. ಅವತ್ತೇ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮನೆಯಲ್ಲೇ ಇರಿ ಅನ್ನುವ ಆದೇಶ ಜಾರಿಯಾಯಿತು. ಅವತ್ತೇ ಅಮೆರಿಕ ಸರ್ಕಾರ, ಡಾಕ್ಟರುಗಳು ಫೇಸ್‌ಟೈಮ್, ಸ್ಕೈಪ್ ಬಳಸಿದರೂ ದಂಡ ಹಾಕಲ್ಲ ಅಂತ ಖಾಸಗಿತನದ ನಿಯಮ ಸಡಿಲಿಸಿತು. ವಾರ್ಡ್ 86ರ ಬಹಳಷ್ಟು ಭೇಟಿಗಳು ಫೋನಿಗೆ ಹೋದವು.

ಏನಾಯ್ತು ನೋಡಿ. ಭೇಟಿಗಳ ಸಂಖ್ಯೆ ಹೆಚ್ಚುಕಮ್ಮಿ ಹಾಗೇ ಉಳಿಯಿತು. ಡ್ಯಾಶ್‌ಬೋರ್ಡ್ ಎಲ್ಲಾ ಹಸಿರು. ಆದರೆ ಮ್ಯಾಥ್ಯೂ ಸ್ಪಿನೆಲ್ಲಿ, ಮೋನಿಕಾ ಗಾಂಧಿ ಮತ್ತವರ ತಂಡ ವೈರಲ್ ಲೋಡ್ ತೆಗೆದು ನೋಡಿದಾಗ, ವೈರಸ್ ಹತೋಟಿ ತಪ್ಪುವ ಆಡ್ಸ್ ಮೊದಲಿಗಿಂತ 31 ಪರ್ಸೆಂಟ್ ಜಾಸ್ತಿಯಾಗಿತ್ತು. ಹೆಚ್ಚು ಪೆಟ್ಟು ತಿಂದವರು ಮನೆ ಇಲ್ಲದವರು. ತಪ್ಪೆಲ್ಲ ಫೋನಿನದೇ ಅನ್ನೋಕಾಗಲ್ಲ, ಲಾಕ್‌ಡೌನ್‌ನಲ್ಲಿ ಎಲ್ಲಾ ಆಸರೆಯೂ ಕುಸಿದಿತ್ತು. ಆದರೆ ಅದೇ ಕ್ಲಿನಿಕ್ 2019ರಲ್ಲಿ ಮನೆಯಿಲ್ಲದವರಿಗೆ ‘ಪಾಪ್-ಅಪ್’ ಅನ್ನೋ ಕಾರ್ಯಕ್ರಮ ಶುರುಮಾಡಿತ್ತು. ಅಪಾಯಿಂಟ್‌ಮೆಂಟ್ ಬೇಡ, ಸುಮ್ಮನೆ ಬನ್ನಿ ಅನ್ನೋ ವ್ಯವಸ್ಥೆ. ಕೋವಿಡ್‌ನಲ್ಲೂ ಆ ಬಾಗಿಲು ಮುಚ್ಚಲಿಲ್ಲ. ಅಲ್ಲಿಗೆ ಬರುತ್ತಿದ್ದವರಲ್ಲಿ ಅಂಥಾ ಕುಸಿತ ಕಾಣಲಿಲ್ಲ.

ಡಾಕ್ಟರುಗಳ ಜಗಳದ ಮೂಲ ಇಲ್ಲಿದೆ. ಟೆಲಿಮೆಡಿಸಿನ್ ಒಳ್ಳೇದು ಅನ್ನುವವರು ನೆನೆಯುವುದು ಮೈಲಿಗಟ್ಟಲೆ ಬಸ್ಸು ಹತ್ತಿ ಬರುವ ರೋಗಿಯನ್ನು, ಕಾಯುವ ಕೋಣೆಯಲ್ಲಿ ಪರಿಚಯದವರು ನೋಡಿಬಿಡ್ತಾರೆ ಅಂತ ಹೆದರುವ ರೋಗಿಯನ್ನು. ಬೇಡ ಅನ್ನುವವರು ನೆನೆಯುವುದು ಹೊಸದಾಗಿ ಪತ್ತೆಯಾದವರನ್ನು, ತೂಕ ಇಳಿದದ್ದನ್ನು ಹೇಳಿಕೊಳ್ಳದವರನ್ನು, ಪಕ್ಕದಲ್ಲಿ ಯಾರೋ ಕೂತಿದ್ದಾರೆ ಅಂತ ‘ಹೂಂ, ಆರಾಮಿದ್ದೀನಿ’ ಅಂದು ಫೋನ್ ಇಡುವವರನ್ನು. ಇಬ್ಬರೂ ಸರಿ. ಇಬ್ಬರ ಕಣ್ಣಮುಂದಿರುವ ರೋಗಿ ಬೇರೆ ಬೇರೆ, ಅಷ್ಟೇ.

ನಮ್ಮ ದೇಶದ ಕಥೆಗೂ ಇದು ತಾಗುತ್ತೆ. 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಡಾ. ನಿರ್ಮಲಾ ದೇಶದ ಮೊದಲ ಎಚ್‌ಐವಿ ಪ್ರಕರಣಗಳನ್ನು ಪತ್ತೆ ಮಾಡಿದರು. 2004ರ ಏಪ್ರಿಲ್ 1ಕ್ಕೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ ಎಆರ್‌ಟಿ ಔಷಧ ಶುರುವಾಯಿತು. 2020ರ ಮಾರ್ಚ್ 25ಕ್ಕೆ, ಲಾಕ್‌ಡೌನ್ ಜಾರಿಯಾದ ದಿನವೇ, ಟೆಲಿಮೆಡಿಸಿನ್ ಮಾರ್ಗಸೂಚಿ ಹೊರಬಂತು. ಫೋನ್ ಸಾಕಾ, ಎದುರಿಗೇ ನೋಡಬೇಕಾ ಅನ್ನುವ ತೀರ್ಮಾನವನ್ನು ಅದು ಡಾಕ್ಟರ ವಿವೇಚನೆಗೆ ಬಿಟ್ಟಿತು. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆ, ಒಪ್ಪಿಗೆ ಇಲ್ಲದೆ ಯಾರ ಸ್ಥಿತಿಯನ್ನೂ ಬಯಲು ಮಾಡಬಾರದು ಅನ್ನುತ್ತೆ. ಆದರೆ ಪಿಜಿ ರೂಮಿನ ತೆಳ್ಳನೆ ಗೋಡೆಗೆ ಕಾಯ್ದೆ ಗೊತ್ತಿಲ್ಲವಲ್ಲ! ಮೂರು ಜನ ಹಂಚಿಕೊಂಡ ಫ್ಲ್ಯಾಟಿನಲ್ಲಿ ಇದ್ದವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ನಾವು ಸಾಫ್ಟ್‌ವೇರಿನವರು ಇಂಥಾ ಆ್ಯಪ್ ಕಟ್ಟುವಾಗ ಎಷ್ಟು ಕಾಲ್ ಆಯ್ತು ಅಂತ ಎಣಿಸ್ತೀವಿ. ಎಣಿಸೋದು ಸುಲಭ. ವಾರ್ಡ್ 86ರವರು ಅದರ ಜೊತೆಗೆ ವೈರಸ್ಸನ್ನೂ ಎಣಿಸಿದರು, ಅದಕ್ಕೇ ಅವರಿಗೆ ಸತ್ಯ ಸಿಕ್ಕಿತು. ಫೋನ್ ಇರಲಿ, ಜೊತೆಗೆ ತೆರೆದ ಬಾಗಿಲೂ ಇರಲಿ. ಯಾವುದು ಬೇಕು ಅಂತ ರೋಗಿಯನ್ನೇ ಕೇಳಲಿ. ನಿಮ್ಮಲ್ಲಿ ಡಾಕ್ಟರುಗಳಿದ್ದರೆ, ನಿಮ್ಮ ಅನುಭವ ಕಾಮೆಂಟಿನಲ್ಲಿ ಬರೀರಿ. ರೋಗಿಯ ಗುರುತು ಮಾತ್ರ ಬೇಡ. ಮುಂದಿನ ವಿಡಿಯೋದಲ್ಲಿ ಸಿಗೋಣ.