ಹೆಸರು ಸೇಂದಿ, ಒಳಗಿರೋದು ಬ್ಯಾರೆ

ನಮ್ಮ ಕಡಿ ಮಾತು, ನಮ್ಮ ಕಡಿ ಇತಿಹಾಸ | ಭಾಗ 9

ಹೋದ ವಾರ ಬೋನಾಳ ಕೆರೆ ಹಕ್ಕಿ ಫೋಟೋ ಹಾಕಿದ್ದೆ, ಲೈಕ್ ಭಾಳ ಕೊಟ್ರಿ. ಈ ಸಲ ಬರೇ ಒಂದು ಈಚಲ ಮರ ಅದ, ಬ್ಯಾಸರ ಮಾಡ್ಕೋಬ್ಯಾಡ್ರಿ. ಕಥಿ ಮರದ್ದಲ್ಲ, ಮರದ ಹೆಸರು ಹೇಳಿ ಮಾರೋ ಒಂದು ಪುಡಿದು. ಅದಕ್ಕಿಂತ ಮೊದಲು ನಾಲ್ಕು ಮಾತು ನೋಡೋಣು.

ನೋವು ಮರೆಸೋದಕ್ಕೆ ಕನ್ನಡದ ಹಳೇ ಮಾತು ‘ಮದ್ದು’. ಹಳಗನ್ನಡದಲ್ಲಿ ಮರ್ದು, ತಮಿಳಿನಲ್ಲಿ ಮರುಂದು, ತೆಲುಗಿನಲ್ಲಿ ಮಂದು. ರೋಗ ವಾಸಿ ಮಾಡೋದೂ ಮದ್ದೇ, ತೋಪಿಗೆ ತುಂಬೋದೂ ಮದ್ದೇ. ಯಾರಿಗಾದ್ರೂ ಗೊತ್ತಿಲ್ದಂಗ ಊಟದಾಗ ಬೆರೆಸಿ ಹಾಕೋದು ಕೈಮದ್ದು. ಯಾದಗಿರಿ ದಾಟಿ ನಾರಾಯಣಪೇಟೆ ಕಡೆ ಹೋದ್ರ ‘ಮಂದು’ ಅಂದ್ರ ಸೆರೆ ಕೂಡ. ಬದುಕಿಸೋದು, ಸುಡೋದು, ಮೋಸ ಮಾಡೋದು, ಅಮಲೇರಿಸೋದು, ಎಲ್ಲಾ ಒಂದೇ ಶಬ್ದದಾಗ! ನಮ್ಮ ಹಿರಿಯರಿಗೆ ಶಬ್ದ ಕಡಿಮೆ ಇತ್ತು ಅಂತ ನನಗ ಅನ್ಸೋದಿಲ್ಲ. ಎಷ್ಟು ಕೊಟ್ರು, ಯಾರು ಕೊಟ್ರು ಅನ್ನೋದರ ಮೇಲೆ ಅದು ಏನಾಗ್ತದ ಅಂತ ಅವರಿಗೆ ಗೊತ್ತಿತ್ತು.

‘ಅಮಲು’ ಇನ್ನೂ ಮಜಾ ಅದ. ಅರಬ್ಬಿ ಮೂಲದ ಮಾತು, ಅರ್ಥ ಕೆಲಸ, ಜಾರಿ. ಕಾನೂನು ಅಮಲಿಗೆ ಬಂತು ಅಂತೀವಿ, ಕುಡಿದವಗ ಅಮಲೇರ್ತು ಅಂತೀವಿ. ಅಮಲ್ದಾರ ಸಾಹೇಬರೂ ಅದೇ ಮನೆತನದವರು.

‘ಅರಿವಳಿಕೆ’ ಮಾತ್ರ ಹೊಸದು, ಪುಸ್ತಕದ್ದು. ಅರಿವು ಅಳಿಯೋದು. ಆಪರೇಷನ್ ಮುಂಚೆ ಕೊಡ್ತಾರಲ್ಲ, ಅದು. ಇಂಗ್ಲಿಷಿನಾಗೂ ಅನಸ್ತೇಶಿಯಾ ಅನ್ನೋ ಹೆಸರು ಈ ಅರ್ಥದಲ್ಲಿ ಬಳಕೆಗೆ ಬಂದದ್ದು 1846ರ ನಂತರವೇ. ಆ ವರ್ಷ ಅಮೆರಿಕದ ಬಾಸ್ಟನ್ನಿನಲ್ಲಿ ಈಥರ್ ಕೊಟ್ಟು ಶಸ್ತ್ರಚಿಕಿತ್ಸೆ ಮಾಡಿ ತೋರಿಸಿದರು. ಅದನ್ನು ಏನಂತ ಕರೀಬೇಕು ಅಂತ ವೈದ್ಯ, ಲೇಖಕ ಆಲಿವರ್ ವೆಂಡೆಲ್ ಹೋಮ್ಸ್ ಗ್ರೀಕ್ ಮೂಲದ ಈ ಹೆಸರು ಸೂಚಿಸಿದರು. ಮರುವರ್ಷ ಎಡಿನ್‌ಬರೋದ ಜೇಮ್ಸ್ ಯಂಗ್ ಸಿಂಪ್ಸನ್ ಕ್ಲೋರೋಫಾರ್ಮ್ ಶುರು ಮಾಡಿದರು. 1848ರ ಜನವರಿಯಲ್ಲಿ ಇಂಗ್ಲೆಂಡಿನ ಹ್ಯಾನಾ ಗ್ರೀನರ್ ಎಂಬ ಹುಡುಗಿಗೆ ಕಾಲ್ಬೆರಳಿನ ಉಗುರು ತೆಗೆಯೋದಕ್ಕ ಕ್ಲೋರೋಫಾರ್ಮ್ ಕೊಟ್ಟರು. ಆಕಿ ಏಳಲೇ ಇಲ್ಲ. ವಯಸ್ಸು 15. ನಮ್ಮ ಕ್ಲಾಸಿನ ವಯಸ್ಸು.

ಉಸಿರು ನಿಂತು ಸಾಯ್ತಾರೋ, ಹೃದಯ ನಿಂತು ಸಾಯ್ತಾರೋ? ಈ ಜಗಳ 60 ವರ್ಷ ನಡೀತು. ಅದರ ಒಂದು ದೊಡ್ಡ ಅಧ್ಯಾಯ ನಡೆದದ್ದು ನಮ್ಮದೇ ರಾಜಧಾನಿಯಲ್ಲಿ. ಹೌದ್ರಿ, ಆಗ ನಮ್ಮ ರಾಜಧಾನಿ ಹೈದರಾಬಾದು. 1858ರ ಬಂಡಾಯದ ನಂತರ ರಾಜಾ ವೆಂಕಟಪ್ಪ ನಾಯಕರ ಸುರಪುರವನ್ನು ಬ್ರಿಟಿಷರು ಕಸಿದುಕೊಂಡು, 1860ರಲ್ಲಿ ನಿಜಾಮನಿಗೆ ಒಪ್ಪಿಸಿದ್ದರು.

ಹೈದರಾಬಾದಿನ ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ‘ಉಸಿರಾಟ ನೋಡ್ಕೊಂಡರೆ ಸಾಕು, ಹೃದಯಕ್ಕೆ ಏನೂ ಆಗಲ್ಲ’ ಅನ್ನೋ ಪಕ್ಷದವರು. ಅದನ್ನು ಸಾಧಿಸಲು 1888ರಲ್ಲಿ ಒಂದು ಕ್ಲೋರೋಫಾರ್ಮ್ ಆಯೋಗ ಆಯಿತು. ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ಒಪ್ಪಲಿಲ್ಲ. ಆರನೇ ನಿಜಾಮ ಮಹಬೂಬ್ ಅಲಿ ಖಾನ್ 1,000 ಪೌಂಡ್ ಕೊಟ್ಟು, ನಿಮ್ಮವರನ್ನೇ ಕಳಿಸಿ ಅಂದರು. 1889ರಲ್ಲಿ ಲಾಡರ್ ಬ್ರಂಟನ್ ಬಂದರು. ನಾಯಿ, ಮಂಗ ಸೇರಿ ನೂರಾರು ಪ್ರಾಣಿಗಳ ಮೇಲೆ ಪ್ರಯೋಗ ನಡೆದವು. ಲಾರಿ ಹೇಳಿದ್ದೇ ಸರಿ ಅಂತ ತೀರ್ಪು ಬಂತು. ಆದ್ರ ಅದು ತಪ್ಪು. 1911ರಲ್ಲಿ ಗುಡ್‌ಮನ್ ಲೆವಿ ಬೆಕ್ಕುಗಳ ಮೇಲೆ ಪ್ರಯೋಗ ಮಾಡಿ, ಕ್ಲೋರೋಫಾರ್ಮ್ ಸ್ವಲ್ಪವೇ ಕೊಟ್ಟಾಗಲೂ ಹೃದಯ ಹಠಾತ್ ನಿಲ್ಲಬಹುದು ಅಂತ ತೋರಿಸಿದರು.

(ನಿಜಾಮನ ಖಜಾನೆಗೆ ಆಬಕಾರಿ ದೊಡ್ಡ ಆದಾಯ, ಸೇಂದಿ ಇಳಿಸೋ ಮರಕ್ಕೂ ತೆರಿಗೆ ಇತ್ತು. ಆ ಪೌಂಡಿನಾಗ ನಮ್ಮ ಈಚಲ ಮರದ ಪಾಲೂ ಇತ್ತೇನೋ!)

ಈಗ ಪುಡಿಗೆ ಬರೋಣು. ಕ್ಲೋರೋಫಾರ್ಮಿಗೆ ಒಂದು ತಂಗಿ ಅದ, ಕ್ಲೋರಲ್. ಎರಡನ್ನೂ ತಯಾರಿಸಿದವರಲ್ಲಿ ಜರ್ಮನಿಯ ಲೀಬಿಗ್ ಒಬ್ಬರು, 1831-32ರ ಸುಮಾರಿಗೆ. 1869ರಲ್ಲಿ ಬರ್ಲಿನ್ನಿನ ಓಸ್ಕರ್ ಲೀಬ್ರೈಖ್, ಕ್ಲೋರಲ್ ರಕ್ತದೊಳಗೆ ಹೋಗಿ ಕ್ಲೋರೋಫಾರ್ಮ್ ಆಗ್ತದ ಅಂತ ಲೆಕ್ಕ ಹಾಕಿ ಕ್ಲೋರಲ್ ಹೈಡ್ರೇಟ್ ಕೊಟ್ಟು ನೋಡಿದರು. ಲೆಕ್ಕ ತಪ್ಪು, ನಿದ್ದೆ ಮಾತ್ರ ಖರೇ ಬಂತು. ಹಿಂಗ ನಿದ್ದೆಗೆ ಅಂತ ಲೋಕವೆಲ್ಲಾ ಬಳಸಿದ ಮೊದಲ ಕೃತಕ ಔಷಧ ಅದಾಯ್ತು. ಅದರ ಚಟಕ್ಕೂ, ಸಾವಿಗೂ ಆಗಲೇ ಹೆಸರಾಯ್ತು.

ಕ್ಲೋರಲ್ ಹೈಡ್ರೇಟ್. ಇಂಗ್ಲಿಷಿನ ಎರಡು ಮೊದಲಕ್ಷರ ತಗೊಂಡ್ರ ‘ಸಿಎಚ್’. ರಾಯಚೂರು, ಯಾದಗಿರಿ ಪೇಪರಿನಾಗ ‘ಸಿಎಚ್ ಪೌಡರ್ ವಶ’ ಅಂತ ಸುದ್ದಿ ಓದಿರಬೇಕಲ್ಲ? ಅದೇ ಇದು.

ಖರೇ ಸೇಂದಿ ಈಚಲ ಮರದ ರಸ. ನಸುಕಿನಾಗ ಸಿಹಿ, ಬಿಸಿಲು ಏರಿದಂಗ ಹುಳಿ, ಆಮೇಲೆ ಅಮಲು. ನಮ್ಮ ಕಡೆ ಅದರ ಮಾರಾಟ ಈಗ ನಿಷೇಧ. ಆದ್ರ ಹೆಸರು ಹೋಗಿಲ್ಲ. ನೀರಿಗೆ ಈ ಪುಡಿ ಕಲಿಸಿ ‘ಸೇಂದಿ’ ಅಂತಲೇ ಮಾರ್ತಾರ. ದಿನಾ ಕೂಲಿ ಮಾಡಿ ಮೈ ಬ್ಯಾನಿ ಆದವರು, ಮರದ ಹಾಲು ಅಂತ ನಂಬಿ, 1869ರ ನಿದ್ದೆ ಔಷಧ ಕುಡೀತಾರ. ಎಷ್ಟು ಹಾಕ್ಯಾರ ಅಂತ ಹಾಕಿದವಗೂ ಲೆಕ್ಕ ಇರೋದಿಲ್ಲ. ನನಗ ಕೈಮದ್ದು ನೆನಪಾಗೋದು ಇಲ್ಲೇ.

ಇನ್ನೊಂದು ಸಂಗತಿ, ಇದು ಮನಿಯವರಿಗೆ ಗೊತ್ತಿರಬೇಕು. ಚಟ ಆದವರಿಗೆ ಒಮ್ಮೆಗೇ ನಿಲ್ಲಿಸಿದ್ರ ಕೈಕಾಲು ನಡುಗ್ತಾವ, ಫಿಟ್ಸ್ ಬರ್ತಾವ, ಇಲ್ಲದ್ದು ಕಾಣಿಸ್ತದ. 2015ರಲ್ಲಿ ತೆಲಂಗಾಣ ಸರ್ಕಾರ ಕಲಬೆರಕೆ ಕಳ್ಳಿನ ಮೇಲೆ ಬಿಗಿ ಮಾಡಿದಾಗ, ಮಹಬೂಬ್‌ನಗರ, ನಿಜಾಮಾಬಾದ್ ಕಡೆ ಜನ ಹಿಂಗೇ ಆಸ್ಪತ್ರೆ ಸೇರಿದರು. ಅಲ್ಲಿ ಪುಡಿ ಬ್ಯಾರೆ, ಅಲ್‌ಪ್ರಜೋಲಾಂ ಅನ್ನೋ ಇನ್ನೊಂದು ಶಾಂತಿ ಔಷಧ. ಊರಾಗ ಇದನ್ನ ‘ದೆವ್ವ ಹಿಡದದ’ ಅಂದ್ರ ತಾಯಿತದ ಕಡೆ ಹೋಗಬ್ಯಾಡ್ರಿ, ಸರ್ಕಾರಿ ದವಾಖಾನಿಗೆ ಕರ್ಕೊಂಡು ಹೋಗ್ರಿ. ಫೋನಿನಾಗ ಕೇಳಬೇಕಂದ್ರ ಟೆಲಿ-ಮಾನಸ್ 14416, ದುಡ್ಡು ಬೀಳಲ್ಲ.

ನಿಮ್ಮೂರಾಗ ಈ ಪುಡಿಗೆ ಬ್ಯಾರೆ ಹೆಸರು ಇದ್ರ ಕಮೆಂಟಿನಾಗ ಬರೀರಿ. ಅಂಗಡಿ ಹೆಸರು ಬ್ಯಾಡ, ಶಬ್ದ ಸಾಕು.

#ಬೋನಾಳ #ಸುರಪುರ #ನಮ್ಮಕಡಿಮಾತು