ಕಸಾಟಾ: ಒಂದು ಹೋಳಿನ ಹಿಂದಿನ ಚರಿತ್ರೆ

ಕಳೆದ ತಿಂಗಳು ಮೊಮ್ಮಗಳ ಹುಟ್ಟುಹಬ್ಬಕ್ಕೆ ಕೇಕ್ ಬೇಡ, ಐಸ್‌ಕ್ರೀಮೇ ಸಾಕು ಎಂದು ನಮ್ಮ ಮನೆಯಲ್ಲಿ ತೀರ್ಮಾನವಾಯಿತು. ಅಂಗಡಿಯಿಂದ ತಂದ ಪೆಟ್ಟಿಗೆ ಬಿಚ್ಚಿದರೆ ಅದರಲ್ಲಿ ಎರಡೂ ಇದ್ದವು. ಅರ್ಧಚಂದ್ರಾಕಾರದ ಹೋಳು, ಒಂದು ಅಂಚಿಗೆ ತೆಳುವಾದ ಕೇಕ್, ನಡುವೆ ಗುಲಾಬಿ, ಹಸಿರು, ಕೆನೆಬಣ್ಣದ ಮೂರು ಪದರಗಳು, ಅಲ್ಲಲ್ಲಿ ಟೂಟಿಫ್ರೂಟಿ, ಮೇಲೆ ಗೋಡಂಬಿಯ ಚೂರು. ಮುಂಬಯಿಯ ಮದುವೆ ರಿಸೆಪ್ಷನ್‌ಗಳಲ್ಲಿ ಉಂಡವರಿಗೆಲ್ಲ ಪರಿಚಿತವಾದ ಕಸಾಟಾ ಅದು.

"ಅಜ್ಜಾ, ಕಸಾಟಾ ಅಂದರೆ ಏನರ್ಥ?" ಎಂದಳು ಹುಡುಗಿ. ನಾಲ್ಕು ದಶಕಗಳಿಂದ ತಿನ್ನುತ್ತ ಬಂದಿದ್ದರೂ ನನ್ನಲ್ಲಿ ಉತ್ತರವಿರಲಿಲ್ಲ. ಆಮೇಲೆ ಹುಡುಕಿ ತಿಳಿದುಕೊಂಡದ್ದನ್ನು ಓದುಗರ ಮುಂದಿಡುತ್ತಿದ್ದೇನೆ.

ಕಸಾಟಾದ ತವರು ಇಟಲಿಯ ದಕ್ಷಿಣದಲ್ಲಿರುವ ಸಿಸಿಲಿ ದ್ವೀಪ. ಅಲ್ಲಿ ಅದು ಐಸ್‌ಕ್ರೀಮಲ್ಲ, ಈಸ್ಟರ್ ಹಬ್ಬದ ಕೇಕ್. ರಸದಲ್ಲಿ ನೆನೆಸಿದ ಸ್ಪಂಜಿನಂಥ ಕೇಕ್. ಒಳಗೆ ಸಕ್ಕರೆ ಬೆರೆಸಿದ ರಿಕೊಟ್ಟಾ. ಹೊರಗೆ ಬಾದಾಮಿಯನ್ನೂ ಸಕ್ಕರೆಯನ್ನೂ ನಾದಿ ಮಾಡಿದ ಹಸಿರು ಪಟ್ಟಿ. ಮೇಲೆ ಸಕ್ಕರೆಪಾಕದಲ್ಲಿ ಕಂತಿಸಿದ ಹಣ್ಣುಗಳು. ರಿಕೊಟ್ಟಾ ಎಂದರೆ 'ಮತ್ತೆ ಬೇಯಿಸಿದ್ದು' ಎಂದರ್ಥ. ಕುರಿಹಾಲಿನಿಂದ ಚೀಸ್ ತೆಗೆದ ಮೇಲೆ ಉಳಿಯುವ ತಿಳಿನೀರನ್ನು ಮತ್ತೊಮ್ಮೆ ಕಾಯಿಸಿದರೆ ಅದು ಸಿಗುತ್ತದೆ. ಕುರುಬರ ಮನೆಯ ಈ ಮಿತವ್ಯಯದ ಪದಾರ್ಥವೇ ಹಬ್ಬದ ಕೇಕಿನ ಜೀವಾಳ.

ಹೆಸರಿನ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಅರಬ್ಬಿಯಲ್ಲಿ ಬೋಗುಣಿಗೆ ಹೇಳುವ 'ಕಸ್ಆ' ಎಂಬ ಮಾತಿನಿಂದ ಬಂತೆನ್ನುವವರು ಕೆಲವರು. ಲ್ಯಾಟಿನ್ನಿನಲ್ಲಿ ಚೀಸಿಗೆ ಹೇಳುವ 'ಕಾಸಿಯಂ' ಎಂಬುದರಿಂದ ಎನ್ನುವವರು ಮತ್ತೆ ಕೆಲವರು. ಆದರೆ ಅರಬ್ಬರ ಋಣ ಅದರ ಮೇಲಿರುವುದು ನಿಶ್ಚಯ. 827ರಲ್ಲಿ ಸಿಸಿಲಿಗೆ ಬಂದಿಳಿದ ಅವರು, ನಾರ್ಮನ್ನರು 1091ರಲ್ಲಿ ಇಡೀ ದ್ವೀಪವನ್ನು ಗೆದ್ದುಕೊಳ್ಳುವುದರೊಳಗೆ ಅಲ್ಲಿ ಕಬ್ಬನ್ನೂ ನಿಂಬೆಯನ್ನೂ ಬೆಳೆಸಿದ್ದರು. ಇನ್ನೂ ಸ್ವಾರಸ್ಯದ ಸಂಗತಿಯೆಂದರೆ, ಕಬ್ಬಿನ ರಸವನ್ನು ಹರಳಾಗಿಸುವ ವಿದ್ಯೆ ನಮ್ಮ ದೇಶದ್ದು. ನಮ್ಮ 'ಶರ್ಕರಾ' ಪರ್ಶಿಯಾದಲ್ಲಿ 'ಶಕರ್' ಆಗಿ, ಅರಬ್ಬಿಯಲ್ಲಿ 'ಸುಕ್ಕರ್' ಆಗಿ, ಇಟಲಿಯಲ್ಲಿ 'ಜುಕೆರೋ' ಆಯಿತು. ಮುಂದೆ ಸಿಸಿಲಿ ಶತಮಾನಗಳ ಕಾಲ ಸ್ಪೇನಿನ ಅಧೀನದಲ್ಲಿತ್ತು. ಇಟಲಿಯವರು ಸ್ಪಂಜ್ ಕೇಕಿಗೆ ಇಂದಿಗೂ 'ಸ್ಪೇನಿನ ರೊಟ್ಟಿ' ಎನ್ನುತ್ತಾರೆ. ಹೀಗೆ ಹಲವರ ಕೈದಾಟಿ ಬಂದ ಕೇಕ್ ಅದು.

ಕೇಕ್ ಐಸ್‌ಕ್ರೀಮಾದದ್ದು ಎರಡನೆಯ ಅಧ್ಯಾಯ. ಸಿಸಿಲಿಯ ಎಟ್ನಾ ಅಗ್ನಿಪರ್ವತದ ನೆತ್ತಿಯ ಹಿಮವನ್ನು ಕಡಿದು ತಂದು, ಕಾಪಿಟ್ಟು, ಬೇಸಗೆಯಲ್ಲಿ ಮಾರುವ ವ್ಯಾಪಾರ ಅಲ್ಲಿತ್ತು. 1686ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರಸಿದ್ಧ ಪ್ರೊಕೋಪ್ ಕೆಫೆಯನ್ನು ತೆರೆದು, ಅಲ್ಲಿನವರಿಗೆ ತಣ್ಣನೆಯ ತಿನಿಸುಗಳ ರುಚಿ ಹತ್ತಿಸಿದ ಪ್ರೊಕೋಪಿಯೋ ಸಿಸಿಲಿಯವನೇ. ಕೇಕಿನ ಬಣ್ಣ, ಪದರ, ಹಣ್ಣುಗಳನ್ನು ಅನುಕರಿಸಿ ಅಚ್ಚಿನಲ್ಲಿ ಹೆಪ್ಪುಗಟ್ಟಿಸಿದ ತಿನಿಸಿಗೆ 'ಕಸಾಟಾ ಜೆಲಾತಾ', ಅಂದರೆ ಹಿಮದ ಕಸಾಟಾ, ಎಂದು ಹೆಸರಾಯಿತು. ರಿಕೊಟ್ಟಾ ಇದ್ದಲ್ಲಿ ಐಸ್‌ಕ್ರೀಮ್ ಬಂತು.

ಅದು ನಮ್ಮಲ್ಲಿಗೆ ಬರಬೇಕಾದರೆ ಮೊದಲು ಮಂಜುಗಡ್ಡೆ ಬರಬೇಕಾಗಿತ್ತು. 1833ರಲ್ಲಿ ಅಮೆರಿಕದ ಬಾಸ್ಟನ್ನಿನಿಂದ ಫ್ರೆಡರಿಕ್ ಟ್ಯೂಡರ್ ಎಂಬ ವ್ಯಾಪಾರಿ 180 ಟನ್ ಮಂಜುಗಡ್ಡೆಯನ್ನು ಹಡಗಿಗೇರಿಸಿದ. ನಾಲ್ಕು ತಿಂಗಳ ಪಯಣದ ಅನಂತರ ಕಲ್ಕತ್ತಾ ಮುಟ್ಟಿದಾಗ ಸುಮಾರು 100 ಟನ್ ಕರಗದೆ ಉಳಿದಿತ್ತು! ಅನತಿಕಾಲದಲ್ಲೇ ಮುಂಬಯಿಗೂ ಬಂತು. ಜಮ್ಸೆಟ್‌ಜಿ ಜೀಜಿಭಾಯಿಯವರು ಔತಣವೊಂದರಲ್ಲಿ ಐಸ್‌ಕ್ರೀಮ್ ಬಡಿಸಿದರೆಂದೂ, ಉಂಡವರಿಗೆ ನೆಗಡಿಯಾದದ್ದನ್ನು ಪತ್ರಿಕೆ ಛೇಡಿಸಿತೆಂದೂ ಪ್ರತೀತಿ. ಮದ್ರಾಸಿನಲ್ಲಿ ಟ್ಯೂಡರನ ಮಂಜುಗಡ್ಡೆಗಾಗಿ ಕಡಲ ದಂಡೆಯಲ್ಲಿ ಕಟ್ಟಿದ ಐಸ್ ಹೌಸ್ ಇಂದಿಗೂ ನಿಂತಿದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರು; ಈಗ ಅದು ಅವರ ಹೆಸರಿನ ಸ್ಮಾರಕ.

ನಮ್ಮ ದೇಶಕ್ಕೆ ಕಸಾಟಾವನ್ನು 1950ರಲ್ಲಿ ಪರಿಚಯಿಸಿದವರು ತಾವೆಂದು ಅಹಮದಾಬಾದಿನ ವಾಡಿಲಾಲ್ ಸಂಸ್ಥೆಯವರು ಹೇಳಿಕೊಳ್ಳುತ್ತಾರೆ. ಇಲ್ಲಿಗೆ ಬಂದ ಮೇಲೆ ಅದು ಮತ್ತೆ ವೇಷ ಬದಲಿಸಿತು. ಬಾದಾಮಿಯ ಹಸಿರು ಪಟ್ಟಿ ಹೋಗಿ ಪಿಸ್ತಾದ ಹಸಿರು ಬಂತು. ಸಿಸಿಲಿಯವರು ಕುಂಬಳ ಜಾತಿಯ ಕಾಯನ್ನು ಪಾಕದಲ್ಲಿ ಕಂತಿಸುತ್ತಾರೆ. ನಮ್ಮ ಟೂಟಿಫ್ರೂಟಿ ಹೆಚ್ಚಾಗಿ ಪಪ್ಪಾಯಿ ಕಾಯಿಯದು. ಊರಿನ ಹಿತ್ತಿಲಲ್ಲಿ ಪಲ್ಯಕ್ಕೆ ಕೊಯ್ಯುತ್ತಿದ್ದ ಅದೇ ಕಾಯಿ, ಬಣ್ಣ ಹಚ್ಚಿಕೊಂಡು ಮುಂಬಯಿಯ ಔತಣಕ್ಕೆ ಬಂದಿದೆ!

ಇಷ್ಟನ್ನೂ ಕೇಳಿ ಮೊಮ್ಮಗಳು, "ಹಾಗಾದರೆ ನಾವು ತಿಂದದ್ದು ಡೂಪ್ಲಿಕೇಟಾ ಅಜ್ಜಾ?" ಎಂದಳು.

ಕಾನೂನಿಗೆ ಇದು ಸುಲಭದ ಪ್ರಶ್ನೆ. ಹಾಲಿನ ಕೊಬ್ಬಿನ ಬದಲು ಸಸ್ಯದ ಎಣ್ಣೆ ಹಾಕಿದ್ದರೆ ಐಸ್‌ಕ್ರೀಮ್ ಎನ್ನುವಂತಿಲ್ಲ, ಪೆಟ್ಟಿಗೆಯ ಮೇಲೆ 'ಫ್ರೋಜನ್ ಡೆಸರ್ಟ್' ಎಂದೇ ಬರೆಯಬೇಕು. ಕೊಳ್ಳುವಾಗ ಓದುಗರು ಆ ಸಣ್ಣಕ್ಷರಗಳನ್ನು ನೋಡುವುದು ಒಳ್ಳೆಯದು. ಆದರೆ ಹುಡುಗಿ ಕೇಳಿದ್ದು ಅದನ್ನಲ್ಲವೆಂದು ನನಗೆ ತೋರಿತು. ಹೋದ ಬೇಸಗೆಯಲ್ಲಿ ಊರಿಗೆ ಹೋದಾಗ, ಮರಾಠಿ, ಹಿಂದಿ ಬೆರೆತ ಅವಳ ಮಾತು ಕೇಳಿ ನೆಂಟರು, "ಇದು ಯಾವ ಕನ್ನಡ ಮಾರಾಯ್ತಿ?" ಎಂದು ನಕ್ಕಿದ್ದರು. ಅವರ ನಗೆಯಲ್ಲಿ ಕೆಡುಕಿರಲಿಲ್ಲ. ಆದರೂ ಅಲ್ಲಿದ್ದ ಉಳಿದ ದಿನಗಳಲ್ಲಿ ಅವಳು ಬಾಯಿ ಬಿಡಲಿಲ್ಲ.

ಸಿಸಿಲಿಯ ಕಸಾಟಾದ ಸಕ್ಕರೆಯೂ ವಲಸೆ ಹೋದದ್ದೇ ಎಂದು ಅವಳಿಗೆ ಹೇಳಿದೆ. ಹೋದ ಊರಿನದನ್ನು ಸೇರಿಸಿಕೊಳ್ಳುವುದು ತಪ್ಪಲ್ಲ. ಮೂಲ್ಕಿಯ ಕಡೆಯಿಂದ ಬಂದ ರಘುನಂದನ ಕಾಮತರು 1984ರಲ್ಲಿ ಜುಹುವಿನಲ್ಲಿ ನ್ಯಾಚುರಲ್ಸ್ ಐಸ್‌ಕ್ರೀಮ್ ಅಂಗಡಿ ತೆರೆದು, ಸೀತಾಫಲ, ಎಳನೀರುಗಳ ರುಚಿಯನ್ನು ಈ ನಗರಕ್ಕೆ ಹಿಡಿಸಲಿಲ್ಲವೇ? ಆದರೆ ಇನ್ನೊಂದು ಮಾತನ್ನೂ ಹೇಳಬೇಕಾಯಿತು. ನಾನು ಮೊದಲು ತಿಂದ ಕಸಾಟಾದಲ್ಲಿ ಕೇಕ್ ಬೆರಳಿನಷ್ಟು ದಪ್ಪವಿದ್ದ ನೆನಪು, ಮೊನ್ನೆಯದರಲ್ಲಿ ಕಾಗದದಷ್ಟಿತ್ತು. ಅದೂ ಹೋದರೆ ಉಳಿಯುವುದು ಹೆಸರು ಮಾತ್ರ. ಎಷ್ಟು ಬೇಕಾದರೂ ಸೇರಲಿ, ಆ ಪದರ ಇರಬೇಕು.

ಈ ಲೇಖನವನ್ನು ಅಚ್ಚಿಗೆ ಕೊಡುವ ಮುನ್ನ ಅವಳಿಗೆ ಓದಿ ಹೇಳಿದೆ. 'ಮಿತವ್ಯಯ', 'ಅನತಿಕಾಲ' ಎಂದರೆ ಏನೆಂದು ಕೇಳಿದಳು. ಕನ್ನಡದಲ್ಲೇ ಕೇಳಿದಳು.