ದೊಡ್ಡ ವಿಮಾನದ ಹಿಂದಿನ ಸುಳಿ

1972ರ ಮೇ 30ರಂದು ಅಮೆರಿಕದ ಫೋರ್ಟ್ ವರ್ತ್‌ನಲ್ಲಿ ತರಬೇತಿ ಹಾರಾಟದಲ್ಲಿದ್ದ ಡಿಸಿ-9 ವಿಮಾನವೊಂದು ತನಗಿಂತ ಬಹು ದೊಡ್ಡದಾದ ಡಿಸಿ-10ರ ಹಿಂದೆ ಇಳಿಯಲು ಬಂದಿತು. ರನ್‌ವೇ ಸಮೀಪಿಸುತ್ತಿದ್ದಂತೆ ಒಂದು ಪಕ್ಕಕ್ಕೆ ಮಗುಚಿ ನೆಲಕ್ಕೆ ಬಡಿಯಿತು. ಒಳಗಿದ್ದ ನಾಲ್ವರೂ ಸತ್ತರು. ಡಿಸಿ-10 ಗಾಳಿಯಲ್ಲಿ ಬಿಟ್ಟುಹೋಗಿದ್ದ ಸುಳಿಯೇ ಇದಕ್ಕೆ ಕಾರಣವೆಂದು ತನಿಖೆಯಿಂದ ತಿಳಿಯಿತು.

ಈ ಸುಳಿ ಭೌತವಿಜ್ಞಾನಕ್ಕೆ ಹೊಸದಾಗಿರಲಿಲ್ಲ. ಇಂಗ್ಲೆಂಡಿನ ಲ್ಯಾಂಚೆಸ್ಟರ್ 1907ರಲ್ಲೇ ಇದನ್ನು ವಿವರಿಸಿದ್ದ. ಜರ್ಮನಿಯ ಪ್ರಾಂಟ್ಲ್ ಅದಕ್ಕೆ ಗಣಿತದ ರೂಪ ಕೊಟ್ಟ. ರೆಕ್ಕೆಯ ಕೆಳಗೆ ಒತ್ತಡ ಹೆಚ್ಚು, ಮೇಲೆ ಕಡಿಮೆ. ಆದ್ದರಿಂದ ರೆಕ್ಕೆಯ ತುದಿಯಲ್ಲಿ ಗಾಳಿ ಕೆಳಗಿನಿಂದ ಮೇಲಕ್ಕೆ ಹೊರಳುತ್ತದೆ. ವಿಮಾನದ ಹಿಂದೆ ಎರಡು ಸುಳಿಗಳು ಹಗ್ಗದಂತೆ ಉದ್ದಕ್ಕೂ ಉಳಿಯುತ್ತವೆ. ವಿಮಾನ ಭಾರವಾದಷ್ಟೂ, ನಿಧಾನವಾದಷ್ಟೂ ಸುಳಿ ಪ್ರಬಲ. ಇಳಿಯುವಾಗ ವಿಮಾನ ನಿಧಾನವಾಗಿಯೇ ಇರಬೇಕಲ್ಲವೆ!

ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. 90 ಟನ್ ತೂಕದ, 38 ಮೀಟರ್ ರೆಕ್ಕೆಯಗಲದ ಬೋಯಿಂಗ್ 757 ಸೆಕೆಂಡಿಗೆ 70 ಮೀಟರ್ ವೇಗದಲ್ಲಿ ಇಳಿಯುತ್ತಿದೆಯೆನ್ನಿ. ಸುಳಿಗಳ ನಡುವೆ ಸುಮಾರು 30 ಮೀಟರ್ ಅಂತರವಿರುತ್ತದೆ. ಸುಳಿಯ ಕೇಂದ್ರದಿಂದ 5 ಮೀಟರ್ ದೂರದಲ್ಲಿ ಗಾಳಿಯ ವೇಗ ಗಂಟೆಗೆ ಸುಮಾರು 40 ಕಿ.ಮೀ. ಬರುತ್ತದೆ. ಪುಟ್ಟ ವಿಮಾನವೊಂದು ಅಲ್ಲಿ ಸಿಕ್ಕರೆ ಒಂದು ರೆಕ್ಕೆಯನ್ನು ಗಾಳಿ ಮೇಲೆತ್ತುತ್ತದೆ, ಇನ್ನೊಂದನ್ನು ಕೆಳಗೆ ತಳ್ಳುತ್ತದೆ. ಸುಳಿಗಳು ಒಂದನ್ನೊಂದು ಕೆಳಗೆ ತಳ್ಳುತ್ತ ನಿಮಿಷಕ್ಕೆ ನೂರು ಮೀಟರಿಗೂ ಹೆಚ್ಚು ಇಳಿಯುತ್ತವೆ.

ಹಿಂದಿನ ವಿಮಾನ ಎಷ್ಟು ದೂರವಿರಬೇಕು? ಬಹುಕಾಲದಿಂದ ಬಳಕೆಯಲ್ಲಿರುವ ಅಂತರರಾಷ್ಟ್ರೀಯ ನಿಯಮ ತೂಕವನ್ನು ನೋಡುತ್ತದೆ. 136 ಟನ್‌ಗೆ ಕಡಿಮೆಯಿಲ್ಲದ 'ಭಾರಿ' ವಿಮಾನದ ಹಿಂದೆ, 7 ಟನ್ ಮೀರದ 'ಹಗುರ' ವಿಮಾನಕ್ಕೆ 6 ನಾಟಿಕಲ್ ಮೈಲಿ, ಅಂದರೆ 11 ಕಿ.ಮೀ. ಅಂತರ. ಗೆರೆ ಎಳೆದ ಮೇಲೆ ಗೆರೆಯ ಈಚೆ ನಿಲ್ಲುವವರೂ ಇರುತ್ತಾರೆ. 757 ಹಾಗೆ ನಿಂತಿತು: ಅದರ ಗರಿಷ್ಠ ತೂಕ ಸುಮಾರು 115 ಟನ್. ಅದರ ಹಿಂದೆ ಇಳಿಯಲು ಬಂದ ಚಿಕ್ಕ ಜೆಟ್ ವಿಮಾನಗಳು 1992ರ ಡಿಸೆಂಬರಿನಲ್ಲಿ ಬಿಲ್ಲಿಂಗ್ಸ್‌ನಲ್ಲಿ, 1993ರ ಡಿಸೆಂಬರಿನಲ್ಲಿ ಸಾಂಟಾ ಆನಾದಲ್ಲಿ ಬಿದ್ದು ಕ್ರಮವಾಗಿ 8 ಮತ್ತು 5 ಮಂದಿ ಸತ್ತರು. 1994ರಲ್ಲಿ ಅಮೆರಿಕ 757ರ ಹಿಂದಿನ ಅಂತರವನ್ನು ಹೆಚ್ಚಿಸಿತು.

ಸಾಂಟಾ ಆನಾದಲ್ಲಿ ಎರಡು ವಿಮಾನಗಳ ನಡುವೆ ಇದ್ದದ್ದು ಸುಮಾರು 2 ನಾಟಿಕಲ್ ಮೈಲಿ, ಅಂದರೆ ಒಂದು ನಿಮಿಷದ ಹಾದಿ. ಚಿಕ್ಕ ವಿಮಾನ ದೊಡ್ಡದಕ್ಕಿಂತ ಕೆಳಗಿನ ಪಥದಲ್ಲಿ ಬರುತ್ತಿತ್ತು. ಮೇಲಿನ ಲೆಕ್ಕದ ಪ್ರಕಾರ ಸುಳಿ ಇಳಿದು ನಿಲ್ಲುವ ಜಾಗವೇ ಅದು. 'ಮುಂದಿನ ವಿಮಾನ ಕಾಣುತ್ತಿದೆ' ಎಂದು ಪೈಲಟ್ ಹೇಳಿ, ಕಣ್ಣಳತೆಯಲ್ಲಿ ಇಳಿಯಲು ಒಪ್ಪಿದರೆ ಅಂತರ ಕಾಯುವ ಹೊಣೆ ನಿಯಂತ್ರಕನಿಂದ ಅವನಿಗೆ ವರ್ಗವಾಗುತ್ತದೆ. ಕಾಣುವುದು ವಿಮಾನ, ಸುಳಿಯಲ್ಲ. ಈ ವ್ಯವಸ್ಥೆಯ ದುರ್ಬಲ ಕೊಂಡಿ ಇದೇ ಎಂದು ನನ್ನ ಎಣಿಕೆ.

ಆದ್ದರಿಂದ ನಿಯಂತ್ರಕ 'ಸುಳಿಗಾಳಿಯ ಎಚ್ಚರ' ಹೇಳಿದಾಗ ಚಿಕ್ಕ ವಿಮಾನದ ಪೈಲಟ್ ದೊಡ್ಡದರ ಪಥಕ್ಕಿಂತ ಮೇಲೆಯೇ ಉಳಿದು, ಅದು ನೆಲ ಮುಟ್ಟಿದ ಜಾಗ ದಾಟಿ ಇಳಿಯುತ್ತಾನೆ. ನೆಲ ಮುಟ್ಟಿದ ಮೇಲೆ ರೆಕ್ಕೆ ಭಾರ ಹೊರುವುದಿಲ್ಲ, ಸುಳಿಯೂ ಹುಟ್ಟುವುದಿಲ್ಲ. ಜೊತೆಗೆ ಗಾಳಿಚೀಲವನ್ನೂ ನೋಡುತ್ತಾನೆ. ನೆಲದ ಬಳಿ ಸುಳಿಗಳು ಪಕ್ಕಕ್ಕೆ ಸರಿಯುತ್ತವೆ. ಗಂಟೆಗೆ 5-10 ಕಿ.ಮೀ.ನ ಮೆಲುವಾದ ಅಡ್ಡಗಾಳಿ ಇದ್ದರೆ ಅವುಗಳಲ್ಲೊಂದು ಸರಿಯಲಾಗದೆ ರನ್‌ವೇ ಮೇಲೆಯೇ ನಿಂತುಬಿಡುತ್ತದೆ.